ನೀಲಿ ಬಾಗಿಲಿನ ಮುಂದೆ

ಊರೂರು ತಿರುಗಿ ವಿಡಿಯೊ ಹಾಕುವವನೊಬ್ಬ ನಮ್ಮ ಮನೆಯ ನೀಲಿ ಬಾಗಿಲನ್ನು ಲೋಕಕ್ಕೆಲ್ಲ ತೋರಿಸಿದ ಮೇಲೆ, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರ ಕಾಟ ಶುರುವಾಯಿತು. ಒಳಗೆ ಬಡಗಿ ಕೆಲಸ ಮಾಡುತ್ತ ನಾನು ಹಲ್ಲು ಕಚ್ಚಿಕೊಂಡು ಸಹಿಸಿದೆ.

ಮೊನ್ನೆ ಅವನೇ ಹೆಂಡತಿಯ ಜೊತೆ ಮತ್ತೆ ಬಂದ. ಬಾಗಿಲ ಪಕ್ಕ ಬಿಸಿಲಿಗೆ ಕೂತಿದ್ದ ನನ್ನ ಅಮ್ಮ ವಿಡಿಯೊಗೆ ಅಡ್ಡವಾದಳೆಂದು ಅವಳ ಕುರ್ಚಿಯನ್ನೇ ಎಳೆದ. ಅಮ್ಮ ಬಿದ್ದು ಹಣೆ ಒಡೆದುಕೊಂಡಳು. ನನಗೆ ಪಿತ್ತ ನೆತ್ತಿಗೇರಿತು. ಅವನ ಕೊರಳಪಟ್ಟಿ ಹಿಡಿದು ಮುಖಕ್ಕೆ ಗುದ್ದಿದೆ. ಮೂಗು ಮುರಿದ ಸದ್ದು ನನಗೇ ಕೇಳಿಸಿತು.

ಬಿದ್ದವನು ಮೊಬೈಲ್ ಹಿಡಿದು ನಿಂತಿದ್ದ ಹೆಂಡತಿಯ ಕಡೆ ನೋಡಿ, "ಬಂತೇನೇ?" ಎಂದ.

"ಇಲ್ಲ ರೀ, ಮೊಬೈಲ್ ಅಲ್ಲಾಡ್ಬಿಡ್ತು."

ಅವನು ರಕ್ತ ಒರೆಸಿಕೊಳ್ಳದೆ ಎದ್ದು ಮೊದಲಿನ ಜಾಗದಲ್ಲೇ ನಿಂತ. "ಅಣ್ಣಾ, ಇನ್ನೊಂದ್ಸಲ ಹೊಡೀರಿ."

ಹೊಡೆದೆ. ಕೈ ಸೋಲುವವರೆಗೂ ಹೊಡೆದೆ. ಅವನ ಎರಡು ಹಲ್ಲು ಅಮ್ಮನ ಕುರ್ಚಿಯ ಕೆಳಗೆ ಬಿದ್ದವು. ಹೆಂಡತಿಯ ಕೈ ಈ ಸಲ ಅಲ್ಲಾಡಲಿಲ್ಲ.

ಇವತ್ತು ಬೆಳಿಗ್ಗೆ ಬಾಗಿಲು ತೆರೆದರೆ ಬೀದಿಯ ತಿರುವಿನವರೆಗೂ ಜನರ ಸಾಲು. ಬೈದು ಓಡಿಸಲು ಕೈ ಎತ್ತಿದೆ. ಎಲ್ಲರ ಮೊಬೈಲುಗಳೂ ಮೇಲೆದ್ದವು. ಮುಂದಿದ್ದವನು ಮುಖ ತಿರುಗಿಸಿ ಕೊಟ್ಟ.

"ಎಡಗೆನ್ನೆಗೆ ಹೊಡೀರಿ ಅಣ್ಣಾ, ಈ ಕಡೆ ಬೆಳಕು ಚೆನ್ನಾಗಿದೆ."