ಹಾಡಬಾರದ ಪೆಟ್ಟಿಗೆ

“ಅಂಕಲ್, ಬೇಡ! ನಡುವೆ ಮುಟ್ಬೇಡಿ!”

ಅಶ್ವಿನ್ ಕೂಗುವಷ್ಟರಲ್ಲಿ ಬಡಗಿ ಈರಬಸಪ್ಪನ ಬೆರಳಿನ ಗೆಣ್ಣು ಸ್ಪೀಕರಿನ ವೂಫರಿನ ಮೇಲೆ ಬಿದ್ದಾಗಿತ್ತು. ಸಣ್ಣ ತಟ್ಟೆಯಗಲದ ಆ ಕಪ್ಪು ಕಾಗದದ ಬಟ್ಟಲು ಟಪ್ ಎಂದು ಒಮ್ಮೆ ಒಳಗೆ ಹೋಗಿ ಹೊರಗೆ ಬಂತು. ಈರಬಸಪ್ಪ ಅದಕ್ಕೆ ಕಿವಿ ಕೊಟ್ಟು ಕಣ್ಣು ಮುಚ್ಚಿದ. ಆಮೇಲೆ ಪಕ್ಕದಲ್ಲಿದ್ದ ಅಲ್ಯೂಮಿನಿಯಂ ವೂಫರಿಗೂ ಅದೇ ಶಾಸ್ತ್ರ ಮಾಡಿದ.

“ಇದು ಡಬರಿ. ಇದರಾಗ ಸಾರು ಕುದಸ್ರಿ. ಕಾಗದದ್ದು ನೋಡ್ರಿ, ತಬಲಾದ ಚರ್ಮ ಇದ್ದಂಗ ಅದ. ಇದನ್ನ ಇಟ್ಕೊಳ್ರಿ, ಅದನ್ನ ವಾಪಸ್ ಕಳಸ್ರಿ.”

ಅಶ್ವಿನ್ ಮೈಸೂರಿನವನು, ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸ. ಮನೆಯ ಹಾಲಿಗೆ ಒಳ್ಳೆಯ ಸ್ಪೀಕರ್ ಕಟ್ಟಿಸಬೇಕೆಂದು ಎರಡು ಬಗೆಯ ವೂಫರುಗಳನ್ನು ವಿದೇಶದಿಂದ ತರಿಸಿ, ಯಾವುದು ಬೇಕೆಂದು ತಿಳಿಯದೆ ತಿಂಗಳಿಂದ ಒದ್ದಾಡುತ್ತಿದ್ದ. ಅವನ ಮನಸ್ಸೂ ಕಾಗದದ ಕಡೆಗೇ ವಾಲಿತ್ತು.

“ಸರಿ ಅಂಕಲ್, ಪೇಪರ್ ಕೋನ್ ಫೈನಲ್. ಆದ್ರೆ ಬಾಕ್ಸ್ ಮಾತ್ರ ಈ ಡ್ರಾಯಿಂಗ್ ಥರಾನೇ ಬೇಕು. ದಪ್ಪ ಎಂಡಿಎಫ್, ಒಳಗೆ ಅಡ್ಡಪಟ್ಟಿ, ಎಲ್ಲಾ ಕಡೆ ಸೀಲ್.”

“ಎಂಡಿಎಫ್ ಅಂದ್ರ ಕಟ್ಟಿಗಿ ಅಲ್ರಿ ಸಾಹೇಬ್ರ, ಕಟ್ಟಿಗೀ ಉಪ್ಪಿಟ್ಟು. ಹೊಟ್ಟು, ಅಂಟು ಕಲಸಿ ಒತ್ತಿರ್ತಾರ. ನನ್ನ ಬೆಂಚಿನ ಮ್ಯಾಲೆ ಅದು ಬರಂಗಿಲ್ಲ. ಹಳೇ ವಾಡೇದ ಸಾಗವಾನಿ ಅದ ನನ್ನ ಕಡೆ, ಅದರಾಗ ಮಾಡಿಕೊಡ್ತೀನಿ. ನಮ್ಮಪ್ಪ ಇಂಡಿಯೊಳಗ ಹಾರ್ಮೋನಿಯಂ ಪೇಟಿ ಮಾಡ್ತಿದ್ದನ್ರಿ. ಒಮ್ಮೆ ಏನಾತು, ಅಂವ ಮಾಡಿದ ಪೇಟಿಯೊಳಗ ಜೇಡ ಬಲಿ ಕಟ್ಟಿತು. ನೊಣ ಸಿಕ್ಕೊಂಡು ಒದ್ದಾಡಿದ್ರ ಭೂಪ ರಾಗ ಬರ್ತಿತ್ರಿ! ಊರ ಮಂದಿ ಸುತ್ತ ಕುಂತು ಕೇಳಿದ್ರು. ನೊಣ ಸತ್ತ ಮ್ಯಾಲೆ ಚಹಾ ಕುಡದು ಎದ್ದು ಹೋದ್ರು.”

ಅಶ್ವಿನ್ ನಕ್ಕ. ನಕ್ಕವನು ಅರ್ಧ ಒಪ್ಪಿದಂತೆ ಎಂಬುದು ಈರಬಸಪ್ಪನ ಲೆಕ್ಕ. “ಟೀಕ್ ಓಕೆ. ಆದ್ರೆ ದಪ್ಪ ಕಮ್ಮಿ ಮಾಡ್ಬೇಡಿ, ಪ್ಲೀಸ್,” ಎಂದು ಹೇಳಿ ಅಶ್ವಿನ್ ಹೊರಟುಹೋದ.

ಶೆಡ್ಡಿನ ಆ ತುದಿಯಲ್ಲಿ ಮಗ ಸ್ವಪ್ನಿಲ್ ಅಡಿಗೆಮನೆಯ ಕಪಾಟುಗಳಿಗೆ ಮಿರಿಮಿರಿ ಹಾಳೆ ಅಂಟಿಸುತ್ತಿದ್ದ. ಶೆಡ್ಡಿರುವ ಭೋಸರಿಯಲ್ಲಿ ಈಗ ಅವನ ಕೆಲಸಕ್ಕೇ ಗಿರಾಕಿ. ಹಾಳೆ ಅಂಟಿಸುವ ಹೊಸ ಮಷೀನಿಗೆ ಹೇಳಿಟ್ಟಿದ್ದ, ಅದನ್ನು ನಿಲ್ಲಿಸಲು ಜಾಗವೊಂದೇ ಇಲ್ಲ. ಜಾಗವೆಂದರೆ ಅಪ್ಪನ ಬೆಂಚು.

“ಅಪ್ಪಾ, ನೀನ ಮಾತು ಕೊಟ್ಟೀ. ಈ ಡಬ್ಬಿ ಪಾಸಾಗ್ಲಿಲ್ಲಂದ್ರ ಬೆಂಚು ಎತ್ತೂದು.”

“ಕೊಟ್ಟೀನಲ್ಲ. ಪಾಸಾತಂದ್ರ ಈ ಬೆಂಚಿನ ಸುದ್ದಿ ಯಾವತ್ತೂ ತಗೀಬ್ಯಾಡ.”

ಈರಬಸಪ್ಪ ಕೆಲಸಕ್ಕೆ ಇಳಿದ. ಡ್ರಾಯಿಂಗ್ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದರಲ್ಲಿದ್ದ ಉದ್ದಗಲವನ್ನು ಚಾಚೂ ತಪ್ಪದೆ ಪಾಲಿಸಿದ. ದಪ್ಪಕ್ಕೆ ಬಂದಾಗ ಮಾತ್ರ ಕೈ ತನ್ನ ಹಾದಿ ತಾನು ಹಿಡಿಯಿತು. ಉಜ್ಜುಗೊರಡು ಹಾಕಿ, ಗೆಣ್ಣಿನಿಂದ ತಟ್ಟುವುದು. ಕಟ್ಟಿಗೆ ಮಾತಾಡದಿದ್ದರೆ ಇನ್ನೊಂದು ಸುತ್ತು ಉಜ್ಜುವುದು. ಅಪ್ಪ ಕಲಿಸಿದ್ದು ಅದೊಂದೇ. ತಟ್ಟಿದರೆ ತಿರುಗಿ ಮಾತಾಡಬೇಕು, ಮಾತಾಡದ ಕಟ್ಟಿಗೆ ಒಲೆಗೆ. ಜೋಡಿ ಪೆಟ್ಟಿಗೆ ಮುಗಿಯುವ ಹೊತ್ತಿಗೆ ಹಲಗೆ ಹಾರ್ಮೋನಿಯಂ ಹಲಗೆಯಷ್ಟೇ ತೆಳುವಾಗಿತ್ತು. ತಟ್ಟಿದರೆ ದೇವಸ್ಥಾನದ ಗಂಟೆಯ ಹಾಗೆ ಗುಂಯ್ ಎನ್ನುತ್ತಿತ್ತು. ಈರಬಸಪ್ಪ ಮೀಸೆ ತಿರುವಿದ.

ಶನಿವಾರ ಊಟದ ಬಿಡುವಿನಲ್ಲಿ ಮಷೀನುಗಳೆಲ್ಲ ನಿಂತಾಗ ಅಶ್ವಿನ್ ಆಂಪ್ಲಿಫೈಯರ್ ತಂದು ಜೋಡಿಸಿ, ತಬಲಾದ ಒಂದು ರೆಕಾರ್ಡಿಂಗ್ ಹಾಕಿದ. ಎಡಗೈಯ ಡಗ್ಗಾದ ಮೊದಲ ಪೆಟ್ಟು ಬಿದ್ದಾಗ ಶೆಡ್ಡಿನ ತಗಡು ಅದುರಿತು. “ಹೌದ್ ಹೌದ್!” ಎಂದ ಈರಬಸಪ್ಪ. ಎರಡನೆಯ ಪೆಟ್ಟಿಗೆ ಅವನ ತಲೆ ತೂಗುವುದು ನಿಂತಿತು.

ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದರೆ ದನಿ ಕೆಳಗಿನಿಂದ ಮೇಲಕ್ಕೆ ಏರಿ ಬರಬೇಕು. ಇಲ್ಲಿ ಏರಿಕೆಯೇ ಇರಲಿಲ್ಲ. ಆ ಕಲಾವಿದ ಏನು ಬಾರಿಸಿದರೂ ಬರುತ್ತಿದ್ದುದು ಒಂದೇ ಗುಂಯ್. ಆ ಗುಂಯ್ ಈರಬಸಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಅವನೇ ಉಜ್ಜಿ ಉಜ್ಜಿ ಹೊರಡಿಸಿದ ಗುಂಯ್ ಅದು.

“ವರ್ಕ್ ತುಂಬಾ ಚೆನ್ನಾಗಿದೆ ಅಂಕಲ್,” ಅಶ್ವಿನ್ ಮೆತ್ತಗೆ ಹೇಳಿದ. “ಆದ್ರೆ ವೂಫರ್ ಹಾಡ್ತಿಲ್ಲ, ಬಾಕ್ಸ್ ಹಾಡ್ತಿದೆ.”

“ಹಾಡೂದು ತಪ್ಪೇನ್ರಿ?”

“ಸ್ಪೀಕರ್ ಬಾಕ್ಸಿಗೆ ತಪ್ಪು ಅಂಕಲ್. ಅದು ಸುಮ್ನೆ ಇರ್ಬೇಕು.”

ಸ್ವಪ್ನಿಲ್ ಕೈ ಒರೆಸಿಕೊಂಡು ಬಂದ. “ಮುಗೀತಲ್ಲಪ್ಪಾ. ಸೋಮವಾರ ಮಷೀನ್ ಬರ್ತದ.”

“ಬರ್ಲಿ. ಬಂದು ಹೊರಗ ನಿಂದರ್ಲಿ.” ಈರಬಸಪ್ಪ ಜಿಗಿದು ಬೆಂಚಿನ ಮೇಲೆ ಕುಳಿತ. “ಸಾಹೇಬ್ರ, ಇದು ಫೇಲ್. ನಾನ ಹೇಳ್ತೀನಿ, ಫೇಲ್. ನಿಮಗ ಮೂಕ ಪೆಟಗಿ ಬೇಕೇನ್ರಿ? ಮಾಡಿಕೊಡ್ತೀನಿ. ಸುತ್ತಗಿಲೇ ಹೊಡದ್ರೂ ಕುಂಯ್ ಅನ್ನಬಾರ್ದು, ಅಂಥಾದ್ದು. ಆದ್ರ ಉಪ್ಪಿಟ್ಟಿನಾಗ ಮಾಡಂಗಿಲ್ಲ.”

“ಅಪ್ಪಾ, ಇಳಿ ಕೆಳಗ.”

“ನಾ ಇಳಿಯಂಗಿಲ್ಲ. ಎತ್ತೂದಿದ್ರ ನನ್ನನ್ನೂ ಕೂಡೇ ಎತ್ತು.”

ಸೋಮವಾರ ಟೆಂಪೋದಲ್ಲಿ ಮಷೀನು ಬಂತು. ಈರಬಸಪ್ಪ ರೊಟ್ಟಿಯ ಗಂಟನ್ನು ಬಿಚ್ಚಿಕೊಂಡು ಬೆಂಚಿನ ಮೇಲೇ ಊಟಕ್ಕೆ ಕುಳಿತಿದ್ದ. ಹಮಾಲರು ಅವನ ಮುಖವನ್ನೂ ಸ್ವಪ್ನಿಲನ ಮುಖವನ್ನೂ ನೋಡಿ, ಮಷೀನನ್ನು ಅಂಗಳದಲ್ಲೇ ಇಳಿಸಿ ತಾಡಪತ್ರಿ ಹೊದಿಸಿ ಹೋದರು.

ಜಗ್ಗದೆ ಕುಳಿತನೇನೋ ನಿಜ, ಆದರೆ ಕಟ್ಟಿಗೆಯ ಬಾಯಿ ಮುಚ್ಚಿಸುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಒಳಗೆ ಹತ್ತಿ ತುರುಕಿ ನೋಡಿದ, ಗೋಣಿತಟ್ಟು ಬಡಿದು ನೋಡಿದ. ಸಾಗವಾನಿ ಹಟಮಾರಿ, ಸಣ್ಣಗಾದರೂ ಗೊಣಗಿಯೇ ಗೊಣಗುತ್ತಿತ್ತು. ತನ್ನ ಹಟ ಕಟ್ಟಿಗೆಗೂ ಅಂಟಿತೇನೋ ಎಂದು ಈರಬಸಪ್ಪನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಶೆಡ್ಡಿನ ಹಿಂದೆಯೇ ಮನೆ. ಗುರುವಾರ ಚಹಾಕ್ಕೆ ಹೋದಾಗ, ಹತ್ತಿ, ತಟ್ಟು ಕಿತ್ತು ಅವನು ಬಿಸಾಡಿದ್ದ ಫೇಲಾದ ಪೆಟ್ಟಿಗೆಗಳೆರಡೂ ಅಡಿಗೆಮನೆಯಲ್ಲಿ ಅಂಗಾತ ಮಲಗಿದ್ದವು. ವೂಫರಿಗೆಂದು ಕೊರೆದ ದುಂಡನೆಯ ತೂತು ಮೇಲಕ್ಕಿತ್ತು, ಒಂದರ ಮೇಲೆ ಸ್ಟೀಲಿನ ತಾಟು ಮುಚ್ಚಿತ್ತು.

“ಏನಿದು ನಾಗವ್ವಾ?”

“ಜ್ವಾಳ ಹಾಕೀನ್ರಿ,” ಎಂದಳು ಹೆಂಡತಿ. “ಕೈ ಹೋಗೂವಷ್ಟು ಬಾಯಿ ಅದ, ಇಲಿ ಕಡ್ಯಂಗಿಲ್ಲ. ಇಷ್ಟ ದಿನದಾಗ ನೀವು ನನ್ನ ಅಡಿಗಿಮನಿಗೆ ಮಾಡಿಕೊಟ್ಟದ್ದು ಇದೊಂದ ನೋಡ್ರಿ, ಅದೂ ತಪ್ಪಿ.”

ಈರಬಸಪ್ಪ ಕುಕ್ಕರುಗಾಲಲ್ಲಿ ಕುಳಿತ. ಕುಳಿತವನ ಕೈ ಸುಮ್ಮನಿರುವುದಿಲ್ಲ. ಖಾಲಿ ಪೆಟ್ಟಿಗೆಯನ್ನು ತಟ್ಟಿದ. ಗುಂಯ್. ಜೋಳದ ಪೆಟ್ಟಿಗೆಯನ್ನು ತಟ್ಟಿದ.

ಇನ್ನೊಮ್ಮೆ ತಟ್ಟಿದ. ಮುಷ್ಟಿ ಕಟ್ಟಿ ಗುದ್ದಿದ. ಪೆಟ್ಟಿಗೆ ಪಿಟ್ ಎನ್ನಲಿಲ್ಲ.

“ಚಹಾ ಆರ್ತದ್ರೀ!” ಎಂದು ನಾಗವ್ವ ಕೂಗುತ್ತಿರುವಾಗ ಅವನು ಆಗಲೇ ಅಂಗಳ ದಾಟಿದ್ದ.

ಜೋಳ ತುಂಬಿದರೆ ಹುಳ ಬೀಳುತ್ತದೆ. ಪಕ್ಕದ ಗಲ್ಲಿಯ ಫೌಂಡ್ರಿಯಲ್ಲಿ ಎರಕಕ್ಕೆಂದು ಗುಡ್ಡೆ ಹಾಕಿದ ಮರಳಿತ್ತು, ರವೆಯಂಥ ಸಣ್ಣ ಮರಳು. ಎರಡು ಚೀಲ ಕೇಳಿ ತಂದು ಬಿಸಿಲಿಗೆ ಹರವಿದ. ಹೊಸ ಪೆಟ್ಟಿಗೆಗೆ ಗೋಡೆ ಎರಡೆರಡು ಪದರ, ನಡುವೆ ಬೆರಳಗಲದ ಸಂದು, ಸಂದಿನ ತುಂಬ ಒಣ ಮರಳು. ಮರಳು ಸುರಿಯುವುದು, ಸುತ್ತಿಗೆಯ ಹಿಡಿಯಿಂದ ತಟ್ಟಿ ಕೂರಿಸುವುದು, ಮತ್ತೆ ಸುರಿಯುವುದು. ತಟ್ಟಿದಂತೆಲ್ಲ ಕಟ್ಟಿಗೆಯ ದನಿ ಕುಗ್ಗುತ್ತ ಬಂತು. ಕೊನೆಯ ಹಿಡಿ ಬಿದ್ದಾಗ ಪೂರ್ತಿ ನಿಂತಿತು. ಈರಬಸಪ್ಪ ಹಲಗೆಯ ಮೇಲೆ ಅಂಗೈ ಊರಿ ನಿಂತ. ಕಟ್ಟಿಗೆಯನ್ನು ಮೂಕ ಮಾಡಿದ್ದು ಜೀವನದಲ್ಲಿ ಅದೇ ಮೊದಲು.

ಅಶ್ವಿನ್ ಬಂದವನೇ ಬೆರಳು ಮಡಚಿ ತಟ್ಟಿದ. ಎತ್ತಲು ನೋಡಿದ, ಆಗಲಿಲ್ಲ. “ಏನಂಕಲ್ ಇದು? ಇಷ್ಟು ವೆಯ್ಟ್! ಎಂಡಿಎಫ್ ಅಲ್ವಲ್ಲ?”

“ನಿಮ್ಮ ಮಾತು ಕೇಳೀನ್ರಿ ಸಾಹೇಬ್ರ, ನಿಮ್ಮ ಉಪ್ಪಿಟ್ಟು ಉಂಡಿಲ್ಲ. ಒಳಗಿನ ಅಳತಿ ನೀವು ಹೇಳಿದ್ದ ಅದ. ದಪ್ಪ ಎಲ್ಲಾ ಹೊರಗ ಬೆಳದದ.”

ಅಶ್ವಿನ್ ಅದೇ ತಬಲಾ ಹಾಕಿದ. ಅಂಗೈ ಡಗ್ಗಾದ ಮೇಲೆ ಜಾರಿತು, ದನಿ ಕೆಳಗಿನಿಂದ ನಿಧಾನ ಏರಿ ಮೇಲೆ ಬಂದು ನಿಂತಿತು. ತಗಡು ಅದುರಲಿಲ್ಲ. ಅಶ್ವಿನ್ ಆ ತುಣುಕನ್ನೇ ಮತ್ತೆ ಹಾಕಿದ, ಅದು ಮುಗಿದ ಮೇಲೆ ಇನ್ನೊಮ್ಮೆ ಹಾಕಿದ. ಸ್ವಪ್ನಿಲ್ ಬಾಗಿಲಲ್ಲಿ ನಿಂತು ಕೇಳಿದ. ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕುಳಿತ ಅಪ್ಪನನ್ನು ನೋಡಿದ. ಆಮೇಲೆ ಜೇಬಿನಿಂದ ಟೇಪು ತೆಗೆದು, ಆಚೆ ಗೋಡೆಗೆ ಒರಗಿಸಿದ್ದ ತನ್ನ ಕಪಾಟುಗಳನ್ನು ಸರಿಸಿ, ಮಷೀನಿಗೆಂದು ಅಲ್ಲಿನ ಜಾಗ ಅಳೆಯತೊಡಗಿದ.

ಕಥೆ ದಿನದಿನಕ್ಕೆ ಬೆಳೆಯಿತು. ಚಹಾ ಕುಡಿಯಲು ಬಂದ ಫೌಂಡ್ರಿಯವರಿಗೆ ಈರಬಸಪ್ಪ ಮನೆಯೊಳಗೆ ಕುಳಿತು ಹೇಳುತ್ತಿದ್ದ: “ಆ ಪೆಟಗಿ ಎತ್ತಲಿಕ್ಕೆ ಸರ್ಕಸ್ಸಿನ ಆನಿ ತರಿಸಿದ್ವಿ. ಆನಿ ಸೊಂಡಿಲಿಲೇ ತಟ್ಟಿ ನೋಡ್ತು. ಸಪ್ಪಳ ಬರ್ಲಿಲ್ಲ ನೋಡು, ತನಗ ಕಿವಿ ಹೋದ್ವು ಅಂತ ತಿಳಕೊಂಡು ಅಳಾಕ ಹತ್ತಿತು!”

ಎಲ್ಲರೂ ನಕ್ಕರು. ಆ ನಗುವಿನ ಬಾಲ ಹಿಡಿದು ಮೂಲೆಯಲ್ಲಿ ಇನ್ನೇನೋ ಸಣ್ಣಗೆ ದನಿಗೂಡಿತು.

ಅವರು ಎದ್ದುಹೋದ ಮೇಲೆ ಈರಬಸಪ್ಪ ಜೋಳದ ಪೆಟ್ಟಿಗೆಯ ಹತ್ತಿರ ಬಂದು ತಳದ ಕಡೆ ತಟ್ಟಿದ. ಮೌನ. ಕೈ ಮೇಲಕ್ಕೆ ತಂದು ಬಾಯಿಯ ಹತ್ತಿರ ತಟ್ಟಿದ. ಗುಂಯ್.

“ಜ್ವಾಳ ಅರ್ಧಕ್ಕ ಬಂದಾವ್ರಿ,” ನಾಗವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು. “ನಾಳೆ ಪ್ಯಾಟಿಗೆ ಹೋದ್ರ ತರ್ರಿ.”

“ತರೋಣಂತ. ಏನ್ ಅವಸರ ಅದ?” ಎಂದು ಅವನು ತಾಟು ಸರಿಸಿ, ಪೆಟ್ಟಿಗೆಯ ಬಾಯಿಗೆ ಕಿವಿಯಿಟ್ಟ. ರೊಟ್ಟಿ ಬಡಿದಾಗೆಲ್ಲ ಒಳಗಿಂದ ಸಾಗವಾನಿ ಸಣ್ಣಗೆ ಓಗೊಡುತ್ತಿತ್ತು.