ಕಲ್ಯಾಣಮ್ಮನಿಗೆ ತಂದ ಕೆಂಪು ಸೀಸೆ

೧
ಎಲ್ಲಿಂದ ಶುರು ಮಾಡಲಿ? ಸೀಸೆಯಿಂದ ಶುರು ಮಾಡಿದರೆ ಬಸವಂತರಾಯನನ್ನು ಕುಡುಕ ಎಂದುಕೊಳ್ಳುತ್ತೀರಿ. ರಕ್ತದಿಂದ ಶುರು ಮಾಡಿದರೆ ಪುಟ ತಿರುವಿಬಿಡುತ್ತೀರಿ. ಮೊದಲ ಸಲ ಪೊಲೀಸ್ ಆ್ಯಕ್ಷನ್ನಿನಿಂದ ಶುರು ಮಾಡಿದ್ದೆ. ನಾಲ್ಕು ಹಾಳೆ ತುಂಬಿದರೂ ಕಲ್ಯಾಣಮ್ಮ ಬರಲೇ ಇಲ್ಲ. ಹರಿದು ಒಲೆಗೆ ಹಾಕಿದೆ. (ಇತಿಹಾಸ ಚೆನ್ನಾಗಿ ಉರಿಯುತ್ತದೆ.)

೨
ನಲವತ್ತೊಂಬತ್ತನೇ ಇಸವಿ, ಪಾಮನಕಲ್ಲೂರು. ಬಸವಂತರಾಯನ ಹೆಂಡತಿ ಕಲ್ಯಾಣಮ್ಮ ಹಡೆದು ಐದು ದಿನವಾಗಿತ್ತು. ಕೂಸು ಗಟ್ಟಿಯಾಗಿತ್ತು. ತಾಯಿಗೆ ರಕ್ತ ಹೋಗುವುದು ನಿಂತಿರಲಿಲ್ಲ. ತುಟಿಗಳು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು.

ಬಸವಂತರಾಯನಿಗೆ ಅಟ್ಟದ ಮೇಲಿನ ಸೀಸೆ ನೆನಪಾಯಿತು. ಲಿಂಗಸುಗೂರಿನಲ್ಲಿ, ಪೊಲೀಸ್ ಆ್ಯಕ್ಷನ್ ಆಗಿ ಹಳೇ ಸರ್ಕಾರ ಬಿದ್ದಾಗ ಊರು ಬಿಟ್ಟುಹೋದ ಅಧಿಕಾರಿಯೊಬ್ಬನ ಸಾಮಾನು ಹರಾಜಾದಾಗ ಕುರ್ಚಿ, ಗಡಿಯಾರ ಎಲ್ಲ ಹೋಗಿ ಕೊನೆಗೆ ಉಳಿದದ್ದು ಅದು. ಯಾರೂ ಕೂಗಲಿಲ್ಲವಾಗಿ ಅಗ್ಗಕ್ಕೆ ಸಿಕ್ಕಿತ್ತು. ಚೀಟಿಯ ಮೇಲೆ ದ್ರಾಕ್ಷಿ ಗೊಂಚಲಿನ ಚಿತ್ರ, ಯಾವ ದೇಶದ್ದೋ ಅಕ್ಷರ. ಒಳಗೆ ಕೆಂಪು ರಸ. ರಕ್ತ ಹೋದವಳಿಗೆ ಕೆಂಪನ್ನೇ ಕೊಡಬೇಕು ಎಂದು ಅವನ ತಲೆಗೆ ಹೊಕ್ಕಿತು.

೩
ಬೂಚು ಮೇಲೆ ಬರಲಿಲ್ಲ. ದಬ್ಬಣದಿಂದ ಚುಚ್ಚಿ ಚುಚ್ಚಿ ಒಳಗೇ ನೂಕಿದ. ತಾನೇ ಮೊದಲು ಒಂದು ಗುಟುಕು ಕುಡಿದು ನೋಡಿದ. ನೇರಳೆ ಸಿಪ್ಪೆಯ ಒಗರು, ಹಳೇ ಹುಣಸೆಯ ಹುಳಿ, ಆಮೇಲೆ ಎದೆಯೊಳಗೆ ಸಣ್ಣ ಕಾವು. ಆ ಕಾವನ್ನೇ ಅವನು ನಂಬಿಬಿಟ್ಟ. (ರುಚಿಯನ್ನು ಇನ್ನಷ್ಟು ವರ್ಣಿಸಬೇಕಿತ್ತು. ನಾನು ಕುಡಿದವನಲ್ಲ; ಕೇಳಿದ್ದನ್ನು ಬರೆಯುತ್ತಿದ್ದೇನೆ.)

೪
ಖಾತ್ರಿ ಮಾಡಿಕೊಳ್ಳಲು ಪಕ್ಕದ ಮನೆಯ ಖಾದರಬಾಷಾನನ್ನು ಕರೆದ. ಮುದುಕ ಮೊದಲು ಸಾಹೇಬರ ಬಂಗ್ಲೆಯಲ್ಲಿ ಅಡುಗೆ ಮಾಡಿದವನು. ಮೂಸಿ ನೋಡಿ ಸೀಸೆಯನ್ನು ದೂರ ಇಟ್ಟ.

"ಔಷಧ ಅಲ್ಲಪಾ ಇದು. ವೈನು. ಸಾಹೇಬ್ರಿಗೆ ನಾನೇ ಹಾಕಿ ಕೊಡ್ತಿದ್ದೆ."

"ನೀ ಕುಡದು ನೋಡೀಯೇನು ಚಾಚಾ?"

"ತೋಬಾ. ನಾಲಿಗಿಗೆ ಮುಟ್ಟಿಸಿಲ್ಲ."

"ಮತ್ತ ಔಷಧ ಅಲ್ಲಂತ ಹೆಂಗ ಹೇಳ್ತಿ?"

ಖಾದರಬಾಷಾ, ಬಾಟಲಿ ಬಿಡು, ಗಾಡಿ ಹೂಡು, ಮಸ್ಕಿಗೆ ಹೋಗಿ ಮಧ್ಯಾಹ್ನದ ಮೋಟಾರು ಬಸ್ಸು ಹಿಡಿದರೆ ಸಂಜೆಯೊಳಗೆ ಲಿಂಗಸುಗೂರಿನ ದವಾಖಾನೆ ಸೇರಬಹುದು ಎಂದ.

೫
ಅಷ್ಟರಲ್ಲಿ ಬಸವಂತರಾಯನ ತಾಯಿ ಆದೆಮ್ಮ ಒಳಗಿನಿಂದ ಬಂದಳು. ಆಕೆಯ ತಕರಾರು ಬೇರೆಯೇ.

"ಕೊರಳಾಗಿನ ಲಿಂಗಕ್ಕ ತೋರಸದ ಗುಟುಕು ನೀರು ಸುದ್ದಾ ಆಕಿ ಗಂಟಲಾಗ ಇಳದಿಲ್ಲ. ಇದನ್ನ ಹೆಂಗ ತೋರಸ್ತಿ?"

ಔಷಧವಾದರೆ ಲಿಂಗಕ್ಕೆ ತೋರಿಸಬಹುದು, ಅಮಲೇರಿಸುವ ಶೆರೆಯಾದರೆ ಆಗದು. ಮಠದ ಅಯ್ಯನವರನ್ನು ಕೇಳೋಣವೆಂದು ಬಸವಂತರಾಯ ಹೋದ. ಅವರು ಪೂಜೆಯಲ್ಲಿದ್ದರು. ಕಟ್ಟೆಯ ಮೇಲೆ ಕಾಯುತ್ತ ಕೂತ.

ಇಲ್ಲಿ ನನಗೆ ತಡೆಯಲಾಗಲಿಲ್ಲ. ಎದ್ದು ಗಾಡಿ ಹೂಡೋ ಎಂದೆ. ಅವನು ತಲೆ ಎತ್ತಿ ನನ್ನನ್ನೇ ನೋಡಿದ.

"ನೀ ಬರಿಯಾಂವ, ಬರಿ. ಧರ್ಮ ಕೆಟ್ರ ನಾಳೆ ಆಕೀಗಿ ಯಾರು ಉತ್ತರಾ ಹೇಳ್ತಾರ?"

ಹಾಗೆಂದರೂ ಬಿಸಿಲು ಏರಿದ್ದು ಕಂಡು, ಅಯ್ಯನವರು ಹೊರಗೆ ಬರುವ ಮೊದಲೇ ಅವನು ಎದ್ದು ಬಂದ. ಅಷ್ಟರಲ್ಲೇ ಮಧ್ಯಾಹ್ನದ ಮೋಟಾರು ಮಸ್ಕಿ ದಾಟಿತ್ತು.

೬
ಎಂಡಿಂಗ್ ಬೇಕಲ್ಲ ನಿಮಗೆ.

ಒಂದು: ಗಾಡಿ ಹೂಡಿದ, ಹೋದರು, ಬದುಕಿದಳು. ಇದನ್ನು ಬರೆದು ನೋಡಿದೆ. ಎತ್ತುಗಳು ಕೊಟ್ಟಿಗೆಯಲ್ಲೇ ಮೆಲುಕು ಹಾಕುತ್ತ ನಿಂತಿದ್ದವು.

ಎರಡು: ಒಂದು ಲೋಟ ಕುಡಿದು ಕೆನ್ನೆ ಕೆಂಪಾಗಿ ಎದ್ದು ಕೂತಳು. ಇದನ್ನು ಓದಿ ಹೇಳಿದಾಗ ಆದೆಮ್ಮನೇ ನನ್ನ ಮುಖ ನೋಡಿ ಎದ್ದುಹೋದಳು.

ಮೂರನೆಯದನ್ನು ಬರೆಯಲು ಪೆನ್ನು ಹಿಡಿದಿದ್ದೆ. ಕಲ್ಯಾಣಮ್ಮ ಬಿಡಲಿಲ್ಲ. ಇಷ್ಟು ಹೊತ್ತು ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವಳು ಕೊರಳ ಲಿಂಗವನ್ನು ಬಿಚ್ಚಿ ಎಡಗೈ ಅಂಗೈಯಲ್ಲಿ ಇಟ್ಟುಕೊಂಡು ಗಂಡನನ್ನು ಕರೆದಳು. ಮಾತು ಬಿಸಿಲಿಗೆ ಒಣಗಿದ ಎಲೆಯಂತಿತ್ತು.

"ಖರೇ ಹೇಳ್ರಿ. ಔಷಧ ಆದ್ರ ತೋರಿಸಿ ಕುಡೀತೀನಿ. ಶೆರೆ ಆದ್ರ ಒಯ್ದು ಚೆಲ್ರಿ. ನಂಗ ನಿಮ್ಮ ಮಾತೇ ಸಾಕು."

ಔಷಧ ಎಂದರೆ ಅವಳು ಕುಡಿಯುತ್ತಾಳೆ, ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಶೆರೆ ಎಂದರೆ ಈಗಲೇ ಹೊರಡಬೇಕು. ಮೋಟಾರು ತಪ್ಪಿದೆ, ಲಿಂಗಸುಗೂರಿನ ತನಕ ಎತ್ತಿನ ಗಾಡಿಯಲ್ಲೇ ಇಡೀ ದಾರಿ. ಅಷ್ಟು ದೂರಕ್ಕೆ ಅವಳಲ್ಲಿ ರಕ್ತ ಉಳಿದಿದೆಯೋ ಇಲ್ಲವೋ, ಅವನಿಗೆ ಗೊತ್ತಿಲ್ಲ.

ಬಸವಂತರಾಯ ನನ್ನ ಕಡೆ ತಿರುಗಿ, ಏನಂತ ಹೇಳ್ಲಿ ಎಂದು ಕೇಳುತ್ತಾನೆ. ಊರಲ್ಲಿ ಏನಾಯಿತೆಂದು ನನಗೆ ಗೊತ್ತು. ಹೇಳುವುದಿಲ್ಲ. ನೀವು ಸಿಟ್ಟಾಗಬಹುದು, ಅದು ನಿಮ್ಮ ಹಕ್ಕು.

ಅವನು ಬಾಯಿ ತೆರೆದಿದ್ದಾನೆ. ಮಾತನ್ನು ನಾನು ಕೊಟ್ಟಿಲ್ಲ. ಅವಳು ಅಂಗೈ ಇಳಿಸಿಲ್ಲ.