ನೆರೈದಾ ನೋಡುತ್ತಿದ್ದ ಕೆನ್ನೆ

ಮತ್ತೆ ಉಬ್ಬಿತು, ಗಂಡನ ಎಡಗೆನ್ನೆ, ಒಳಗೊಂದು ಕಡಲೆಬೀಜ ಸಿಕ್ಕಿಸಿಕೊಂಡ ಹಾಗೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ — ಈಗ ನಿಧಾನದ ಚೆಂಡು ಎಸೆಯುತ್ತಾನೆ ಎಂದು ನೆರೈದಾಳಿಗೆ ಗೊತ್ತಾಯಿತು, ಎಸೆದ, ಆದರೆ ಬ್ಯಾಟು ಹಿಡಿದವನೂ ಕಾದಿದ್ದ, ಗೊತ್ತಿದ್ದವನ ಹಾಗೆ ಕಾದಿದ್ದ, ಚೆಂಡು ಬೇಲಿಯಾಚೆ ಹೋಯಿತು. ಎಲಾದಿಯೋ, ನಿನಗಿಂತ ನಮ್ಮಜ್ಜಿ ಜೋರಾಗಿ ಎಸೀತಾಳೆ ಕಣೋ, ಹಿಂದಿನ ಸಾಲಿನವನು ಕೂಗಿದ, ಕಳ್ಸೋ ಮತ್ತೆ ನಿಮ್ಮಜ್ಜಿನ, ನನ್ ಮಗಂಗೂ ಒಂಚೂರು ರೆಸ್ಟ್ ಸಿಗ್ಲಿ, ಪಕ್ಕದಲ್ಲಿದ್ದ ಅತ್ತೆ ತಿರುಗಿ ಬೈದರು. ಮೂರನೆಯ ಹೊಡೆತ ಇದು, ಮೂರೂ ನಿಧಾನದ ಚೆಂಡಿಗೇ. ಎಲಾದಿಯೋಗೆ ಮೂವತ್ತಾರು, ಮೇಲಿನ ಸಾಲಿನಲ್ಲಿ ಆಟಗಾರರನ್ನು ಆರಿಸಲು ಬಂದ ಜಪಾನಿನ ತಂಡದವನು ಪುಸ್ತಕ ಬಿಚ್ಚಿಕೊಂಡು ಕೂತಿದ್ದಾನೆ, ಇವತ್ತು ಅವನು ಒಪ್ಪದಿದ್ದರೆ ಗಂಡನ ಬೇಸ್‌ಬಾಲ್ ಈ ಡಿಸೆಂಬರಿಗೇ ಮುಗಿಯಿತು.

ಆ ಕೆನ್ನೆ ಅವಳೊಬ್ಬಳ ಗುಟ್ಟಲ್ಲವೇ, ಹದಿನಾಲ್ಕು ವರ್ಷದ್ದು, ತರಬೇತುದಾರನಿಗೆ ಗೊತ್ತಿಲ್ಲ, ಗಂಡನಿಗೇ ಗೊತ್ತಿಲ್ಲ — ಜೋರಿನದೆಂದು ತೋರಿಸಿ ನಿಧಾನದ್ದನ್ನು ಎಸೆಯುವಾಗ ನಾಲಿಗೆ ಹೋಗಿ ಕೆನ್ನೆಗೆ ಒತ್ತುತ್ತದೆ, ಸುಳ್ಳು ಹೇಳುವಾಗಲೂ. ಮದುವೆಯಾದ ವರ್ಷ, ಬಾಳೆಕಾಯಿ ಹುರಿಯುತ್ತಾ ನಿಂತಿದ್ದಾಳೆ, ಬಸ್ಸು ಕೆಟ್ಟೋಯ್ತು ನೆರಿ, ಅದಕ್ಕೇ ತಡ, ಅನ್ನುತ್ತಾನೆ, ಉಬ್ಬುತ್ತದೆ. ಅವತ್ತಿನಿಂದ ಕೇಳುವುದನ್ನು ಬಿಟ್ಟು ನೋಡುವುದನ್ನು ಕಲಿತಳು. ಹಾಗಾದರೆ ಈ ಎದುರು ತಂಡದವರಿಗೆ ಹೇಳಿದವರು ಯಾರು? ಈ ಸಾನ್ ಪೆದ್ರೋ ಊರಿನಲ್ಲಿ ಈ ತಂಡದವನ ಕೂದಲನ್ನು ಆ ತಂಡದವನ ತಂಗಿ ಕತ್ತರಿಸುತ್ತಾಳೆ — ಯುದೆಲ್ಕಾ, ಎದುರು ತಂಡದ ನಾಯಕನ ತಂಗಿ, ಪ್ರತಿ ಮಂಗಳವಾರ ಎಲಾದಿಯೋನ ಗಡ್ಡ ತೆಗೆಯುವವಳು, ಗಡ್ಡ ತೆಗೆಯುವವಳಿಗೆ ಕೆನ್ನೆ ಕಾಣದಿರುತ್ತದೆಯೇ, ಪಾಪ, ಅವಳ ಕಸುಬೇ ಅದು — ಆದರೆ ಗಡ್ಡ ತೆಗೆಯುವವಳಿಗೆ ಯಾರು ಸುಳ್ಳು ಹೇಳುತ್ತಾರೆ, ಸುಳ್ಳು ಹೇಳುವುದಕ್ಕೂ ಒಂದು ನಂಟು ಬೇಕಲ್ಲ.

ಹೇಳಿಬಿಡಬಹುದು. ನಾಲಿಗೆ ಬಿಗಿಹಿಡಿ ಎಂದರೆ ಸಾಕು, ಎಸೆತ ಉಳಿಯುತ್ತದೆ, ಜಪಾನು ಸಿಗುತ್ತದೆ, ಆಮೇಲೆ ಮನೆಯಲ್ಲೂ ಬಿಗಿಹಿಡಿಯುತ್ತಾನೆ, ಆಮೇಲೆ ಅವಳ ಪಾಲಿಗೆ ಬರೀ ಅವನ ಮಾತು. ಸರದಿ ಮುಗಿದು ಅವನೇ ಪ್ರೇಕ್ಷಕರ ಮುಂದಿನ ಬಲೆಯ ಹತ್ತಿರ ಬಂದ, ಕುತ್ತಿಗೆಯ ಬೆವರು ಒರೆಸುತ್ತಾ, ನೆರಿ, ನಿಂಗೇನಾದ್ರೂ ಕಾಣ್ತಿದೆಯಾ, ಅವ್ರಿಗೆ ಹ್ಯಾಗೆ ಗೊತ್ತಾಗ್ತಿದೆ ಹೇಳೇ, ಕೈಯಲ್ಲೇನಾದ್ರೂ ತಪ್ಪಾಗ್ತಿದೆಯಾ. ಹೇಳಬೇಕೆಂದೇ ಬಾಯಿ ತೆರೆದಳು, ಬಂದದ್ದು ಬೇರೆ, ಮೊನ್ನೆ ಮಂಗಳವಾರ ಅಷ್ಟೊತ್ತು ಎಲ್ಲಿದ್ದೆ. ಅಯ್ಯೋ ಮಗಳೇ, ಈಗಲಾ ಅದನ್ನ ಕೇಳೋದು, ಅತ್ತೆ ಗೊಣಗಿದರು. ಯುದೆಲ್ಕಾ ಅಂಗಡೀಲಿ ಜನ ಇದ್ರು ಕಣೇ, ಕಾಯ್ತಾ ಕೂತಿದ್ದೆ, ಅವನಂದ, ಅನ್ನುವಾಗ ಅದು ಉಬ್ಬಿತು, ಬಲೆಯ ಆಚೆ, ಗೇಣು ದೂರದಲ್ಲಿ. ಕೈ ಸರಿಯಾಗೇ ಇದೆ, ಹೋಗು, ಅಂದಳು. ಹೋದ. ಮತ್ತೆ ಎದುರು ತಂಡದ ಸರದಿ ಬಂದು ಅವನು ಚೆಂಡೆಸೆಯುವ ದಿಬ್ಬ ಹತ್ತಿದಾಗ ಹೊಸ ಆಟಗಾರ ಬ್ಯಾಟನ್ನು ಹೆಗಲಿಗೇರಿಸಿ ನಿಂತ, ಅವನು ಎಸೆಯುವವನ ಕೈ ನೋಡುತ್ತಿಲ್ಲ, ಚೆಂಡನ್ನೂ ನೋಡುತ್ತಿಲ್ಲ, ಅವಳು ನೋಡುವ ಕಡೆಗೇ ನೋಡುತ್ತಿದ್ದಾನೆ, ಎಡಗೆನ್ನೆ, ಸುಮ್ಮನಿದೆ, ಇನ್ನೂ ಸುಮ್ಮನಿದೆ, ಎಡಗೆನ್ನೆ —